ಜೀವಂತ ಹೊರೆಗೆ ವಾಹನವನ್ನರಸಿ

ಅಮೆರಿಕದ ಮೊಂಟಾನಾ ಸಂಸ್ಥಾನದ ಹುಲ್ಲುಗಾವಲುಗಳಲ್ಲಿ ವಸಂತಕಾಲದಲ್ಲಿ ಹುಟ್ಟಿ, ಬೇಸಗೆಯುದ್ದಕ್ಕೂ ತಾಯಿಯ ಹಾಲನ್ನೂ ಬಯಲಿನ ಹುಲ್ಲನ್ನೂ ಉಂಡು ಬೆಳೆದ ಕರುಗಳು, ಅಕ್ಟೋಬರ್ ತಿಂಗಳು ಬಂದು ಹುಲ್ಲು ಒಣಗಿ ಹಿಮದ ಸೂಚನೆ ಕಾಣುವ ಹೊತ್ತಿಗೆ, ಅಲ್ಲಿಂದ ತೆಂಕಣ ದಿಕ್ಕಿಗಿರುವ ಸಂಸ್ಥಾನಗಳಾದ ನೆಬ್ರಾಸ್ಕಾ, ಕ್ಯಾನ್ಸಸ್‌ಗಳ ಫೀಡ್‌ಲಾಟ್‌ಗಳಿಗೆ, ಎಂದರೆ ಸಾವಿರಾರು ರಾಸುಗಳನ್ನು ಒಂದೆಡೆ ಕೂಡಿಹಾಕಿ ಮುಸುಕಿನ ಜೋಳವನ್ನು ತಿನ್ನಿಸಿ ಕೊಬ್ಬಿಸುವ ದೊಡ್ಡಿಗಳಿಗೆ, ಹೊರಡಬೇಕಾಗುತ್ತದೆ. ಹಿಂದಿನ ಕಾಲದಲ್ಲಿ ಕೊಳ್ಳುವವನು ಸಂತೆಗೆ ಬಂದು ರಾಸಿನ ಬೆನ್ನು ತಡವಿ ನೋಡಿ ಬೆಲೆ ಕಟ್ಟುತ್ತಿದ್ದನು. 1987ರಲ್ಲಿ ಸುಪೀರಿಯರ್ ಲೈವ್‌ಸ್ಟಾಕ್ ಆಕ್ಷನ್ ಎಂಬ ಸಂಸ್ಥೆಯು ಉಪಗ್ರಹದ ಮೂಲಕ ರಾಸುಗಳ ಚಿತ್ರಗಳನ್ನು ಬಿತ್ತರಿಸಿ ಹರಾಜು ನಡೆಸಲಾರಂಭಿಸಿದ ಮೇಲೆ, ಕರು ತನ್ನ ಹುಲ್ಲುಗಾವಲನ್ನು ಬಿಟ್ಟು ಕದಲುವುದಕ್ಕೆ ಮೊದಲೇ ಅದರ ಒಡೆತನವು ಬದಲಾಗುವುದು ಸಾಧ್ಯವಾಯಿತು. ಆದರೆ ವ್ಯಾಪಾರವು ಆಕಾಶಮಾರ್ಗದಲ್ಲಿ ಮುಗಿದರೂ ರಾಸು ನೆಲದ ಮಾರ್ಗದಲ್ಲಿಯೇ ಹೋಗತಕ್ಕದ್ದು. ಮಾರಿದವನಿಗೂ ಕೊಂಡವನಿಗೂ ನಡುವೆ ನೂರಾರು ಮೈಲಿಗಳ ಹೆದ್ದಾರಿ ಬಿದ್ದಿರುತ್ತದೆ. ಒಪ್ಪಂದದಲ್ಲಿ ಬರೆದ ದಿನದ ಬೆಳಗ್ಗೆ ದೊಡ್ಡಿಯ ಬಾಗಿಲಿಗೆ ತಕ್ಕ ವಾಹನವೊಂದು ಬಂದು ನಿಲ್ಲದಿದ್ದರೆ, ಆ ಒಪ್ಪಂದವು ಬರಿಯ ಕಾಗದವಾಗಿಯೇ ಉಳಿಯುತ್ತದೆ.

ಆ ವಾಹನವನ್ನು ಹುಡುಕುವ ಈಚಿನ ಸಾಧನಗಳಲ್ಲೊಂದು ಅಂತರ್ಜಾಲದ ಲೋಡ್ ಬೋರ್ಡ್. ಸರಕುಳ್ಳವನು ತನ್ನ ಸರಕನ್ನೂ, ಖಾಲಿ ಲಾರಿಯುಳ್ಳವನು ತನ್ನ ಲಾರಿಯನ್ನೂ ಒಂದೇ ಸಾರ್ವಜನಿಕ ಪಟ್ಟಿಯಲ್ಲಿ ದಾಖಲಿಸಿ, ಒಬ್ಬರನ್ನೊಬ್ಬರು ಕಂಡುಕೊಳ್ಳುವ ವ್ಯವಸ್ಥೆ ಇದು. ಪೆಟ್ಟಿಗೆ, ಮೂಟೆ, ಯಂತ್ರಭಾಗಗಳ ಸಾಗಣೆಯಲ್ಲಿ ಇದು ದಿನನಿತ್ಯದ ರೂಢಿಯಾಗಿದೆ. ಜೀವಂತ ಪ್ರಾಣಿಗಳ ಸಾಗಣೆಗೆ ಬಂದಾಗ ಮಾತ್ರ ಈ ಸಾಧನವು ಅರ್ಧ ಕೆಲಸವನ್ನಷ್ಟೇ ಮಾಡಿ ಉಳಿದರ್ಧವನ್ನು ಮಾಲೀಕನ ವಿವೇಕಕ್ಕೆ ಬಿಟ್ಟುಬಿಡುತ್ತದೆ. ಅದು ವಾಹನವನ್ನು ತೋರಿಸಿಕೊಡುತ್ತದೆ. ಆ ವಾಹನವನ್ನು ನಡೆಸುವವನು ರಾಸುಗಳನ್ನು ಬಲ್ಲವನೆ ಎಂಬುದನ್ನು ತೋರಿಸಿಕೊಡಲಾರದು. ಹೀಗೇಕೆಂಬುದು ತಿಳಿಯಬೇಕಾದರೆ ಈ ಪಟ್ಟಿಯ ಹುಟ್ಟು, ರಾಸುಗಾಡಿಯ ರಚನೆ, ಹೆದ್ದಾರಿಯ ಕಾನೂನು ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಖಾಲಿ ಗಾಡಿಯ ಸಮಸ್ಯೆ

ಸಾಗಣೆಯ ವೃತ್ತಿಯಲ್ಲಿರುವವನಿಗೆ ಭಾರವಾದ ಗಾಡಿಗಿಂತ ಬರಿದಾದ ಗಾಡಿಯೇ ಹೆಚ್ಚಿನ ಭಾರ. ಇಂಧನ, ಚಕ್ರದ ಸವೆತ, ಚಾಲಕನ ಆಯುಸ್ಸಿನ ಗಂಟೆಗಳು ಇವೆಲ್ಲವೂ ಬಾಡಿಗೆಯಿಲ್ಲದ ಮೈಲಿಗೂ ಬಾಡಿಗೆಯುಳ್ಳ ಮೈಲಿಗೂ ಹೆಚ್ಚುಕಡಿಮೆ ಸಮನಾಗಿಯೇ ವೆಚ್ಚವಾಗುತ್ತವೆ. ಆದಕಾರಣ ಸರಕನ್ನು ಇಳಿಸಿದ ಊರಿನಲ್ಲಿಯೇ ಹಿಂದಿರುಗುವ ದಾರಿಗೆ ಮತ್ತೊಂದು ಸರಕನ್ನು ಕಂಡುಕೊಳ್ಳುವುದು ಚಾಲಕನ ಪಾಲಿಗೆ ಜೀವನೋಪಾಯದ ಪ್ರಶ್ನೆ. ಹೆದ್ದಾರಿಯ ಪಕ್ಕದ ಟ್ರಕ್ ತಂಗುದಾಣಗಳಲ್ಲಿ, ಊಟದ ಮೇಜುಗಳ ಸಮೀಪದ ಗೋಡೆಯ ಹಲಗೆಗೆ ದಲ್ಲಾಳಿಗಳು ಕಾಗದದ ಚೀಟಿಗಳನ್ನು ಚುಚ್ಚಿ ಹೋಗುವುದೂ, ಚಾಲಕರು ಅವನ್ನು ಓದಿ ದೂರವಾಣಿ ಮಾಡುವುದೂ ಈ ಪ್ರಶ್ನೆಗೆ ಹಿಂದಿನ ಕಾಲದ ಉತ್ತರವಾಗಿದ್ದಿತು. 1978ರಲ್ಲಿ ಆರಿಗನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಜುಬಿಟ್ಸ್ ಎಂಬ ತಂಗುದಾಣದಲ್ಲಿ 'ಡಯಲ್-ಎ-ಟ್ರಕ್' ಎಂಬ ಸೇವೆ ಆರಂಭವಾಯಿತು. ಇಂದು ಡಿಎಟಿ ಎಂಬ ಮೂರಕ್ಷರಗಳಿಂದ ಪ್ರಸಿದ್ಧವಾಗಿರುವ ಲೋಡ್ ಬೋರ್ಡ್ ಅದರಿಂದಲೇ ಬೆಳೆದದ್ದು. 1995ರಲ್ಲಿ ಟ್ರಕ್‌ಸ್ಟಾಪ್ ಎಂಬ ಸಂಸ್ಥೆಯು ಇದೇ ಹಲಗೆಯನ್ನು ಅಂತರ್ಜಾಲಕ್ಕೆ ಏರಿಸಿತು. ಅಲ್ಲಿಂದೀಚೆಗೆ ಚಾಲಕನು ತಂಗುದಾಣಕ್ಕೆ ಹೋಗುವುದರ ಬದಲು ತಂಗುದಾಣದ ಹಲಗೆಯೇ ಚಾಲಕನ ಅಂಗೈಗೆ ಬಂದು ಕುಳಿತಿದೆ.

ಪಟ್ಟಿಯ ಒಂದು ಸಾಲಿನಲ್ಲಿ ಇರುವುದು ಬಹಳ ಸ್ವಲ್ಪ: ಎಲ್ಲಿಂದ, ಎಲ್ಲಿಗೆ, ಯಾವ ದಿನ, ಎಂಥ ಟ್ರೇಲರ್, ಎಷ್ಟು ತೂಕ, ಎಷ್ಟು ಬಾಡಿಗೆ. ಚಾಲಕನು ತಾನಿರುವ ಊರಿನಿಂದ ಸರಕಿರುವ ಊರಿಗೆ ಖಾಲಿಯಾಗಿ ಓಡಬೇಕಾದ ದೂರವನ್ನು ನಮೂದಿಸಿ, ಅದರೊಳಗೆ ಬರುವ ಸಾಲುಗಳನ್ನು ಮಾತ್ರ ಆರಿಸಿ ನೋಡಬಹುದು. ಟೆಕ್ಸಾಸಿನ ಆಸ್ಟಿನ್ ನಗರದ ಯೂಶಿಪ್‌ನಂಥ ತಾಣಗಳಲ್ಲಿ ಕ್ರಮವು ತಲೆಕೆಳಗು: ಕುದುರೆಯನ್ನೋ ನಾಲ್ಕಾರು ಕುರಿಗಳನ್ನೋ ಸಾಗಿಸಬೇಕಾದವನು ತನ್ನ ಅಗತ್ಯವನ್ನು ಬರೆದು ಹಾಕಿದರೆ, ಸಾಗಿಸುವವರು ಒಬ್ಬರಿಗಿಂತ ಒಬ್ಬರು ಕಡಿಮೆ ದರವನ್ನು ಕೂಗುತ್ತಾರೆ. ಸಣ್ಣ ಹಿಂಡಿನವರಿಗೆ ಈ ಮಾರ್ಗವೇ ಒಗ್ಗುವುದು. ಪೂರ್ತಿ ಟ್ರೇಲರ್ ತುಂಬುವಷ್ಟು ರಾಸುಗಳುಳ್ಳವರು ಮೊದಲಿನದನ್ನು ಅವಲಂಬಿಸುತ್ತಾರೆ.

ಬೇರೆ ಸರಕುಗಳ ಲಾರಿಗಳಿಗೂ ರಾಸುಗಾಡಿಗಳಿಗೂ ಇತಿಹಾಸದಲ್ಲಿಯೇ ಒಂದು ಭೇದವುಂಟು. 1935ರ ಮೋಟಾರು ಸಾಗಣೆಯ ಕಾಯಿದೆಯು ಅಂತರ್ರಾಜ್ಯ ಲಾರಿಗಳ ದರ, ಮಾರ್ಗ, ಪರವಾನಿಗಿಗಳನ್ನೆಲ್ಲ ಸರ್ಕಾರಿ ಆಯೋಗವೊಂದರ ಹತೋಟಿಗೆ ಒಪ್ಪಿಸಿತಾದರೂ, ರೈತರ ಒತ್ತಾಯದಿಂದಾಗಿ ಜಾನುವಾರುಗಳನ್ನೂ ಹೊಲದ ಉತ್ಪನ್ನಗಳನ್ನೂ ಆ ಹತೋಟಿಯಿಂದ ಹೊರಗಿಟ್ಟಿತು. ಉಳಿದ ಸರಕುಗಳ ಮೇಲಿನ ಬಿಗಿ ಸಡಿಲವಾದದ್ದು 1980ರ ಕಾಯಿದೆಯಿಂದ. ಆ ನಲವತ್ತೈದು ವರ್ಷಗಳ ಕಾಲ, ಪೀಠೋಪಕರಣ ಸಾಗಿಸುವವನು ಸರ್ಕಾರವು ಒಪ್ಪಿದ ದರದ ಪಟ್ಟಿಯನ್ನು ನೋಡುತ್ತಿದ್ದರೆ, ರಾಸು ಸಾಗಿಸುವವನು ದೊಡ್ಡಿಯ ಬೇಲಿಗೆ ಒರಗಿ ನಿಂತು ಮಾಲೀಕನೊಡನೆ ಬಾಯಿಮಾತಿನಲ್ಲಿ ದರವನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. 1865ರ ಕ್ರಿಸ್ಮಸ್ ದಿನ ಆರಂಭವಾದ ಷಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್, ರೈಲಿನಲ್ಲಿ ಬಂದಿಳಿಯುವ ರಾಸುಗಳ ಮಹಾಸಂತೆಯಾಗಿ ಒಂದು ಶತಮಾನಕ್ಕೂ ಮಿಕ್ಕಿ ಬಾಳಿ, 1971ರಲ್ಲಿ ಬಾಗಿಲು ಮುಚ್ಚಿದುದಕ್ಕೆ ಮುಖ್ಯ ಕಾರಣಗಳಲ್ಲೊಂದು ಈ ಸ್ವತಂತ್ರ ಲಾರಿಯೇ. ರೈಲು ಹೋಗದ ಊರಿಗೂ ಅದು ಹೋಗುತ್ತಿತ್ತು, ಕಸಾಯಿ ಕಾರ್ಖಾನೆಗಳೂ ನಗರವನ್ನು ತೊರೆದು ಫೀಡ್‌ಲಾಟ್‌ಗಳ ಸಮೀಪಕ್ಕೆ ಹೋದುವು. ಹೀಗೆ ಬಾಯಿಮಾತು, ಪರಿಚಯ, ದೂರವಾಣಿ ಇವುಗಳ ಮೇಲೆಯೇ ಎರಡು ಮೂರು ತಲೆಮಾರು ನಡೆದುಬಂದ ವೃತ್ತಿಗೆ ಅಪರಿಚಿತರನ್ನು ಒಂದುಗೂಡಿಸುವ ಪಟ್ಟಿಯು ಸಂಕೋಚದಿಂದಲೇ ಪ್ರವೇಶಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಗಾಡಿಯ ಒಡಲು

ದೊಡ್ಡ ರಾಸುಗಳನ್ನು ಸಾಗಿಸುವ ಟ್ರೇಲರಿಗೆ ಅಲ್ಲಿಯ ಜನ 'ಕ್ಯಾಟಲ್ ಪಾಟ್' ಎನ್ನುತ್ತಾರೆ. ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ನಡುವೆ ಅದರ ತಳವು ನೆಲಕ್ಕೆ ತೀರ ಸಮೀಪವಾಗಿ ಇಳಿಬಿದ್ದು, ಹೊಟ್ಟೆ ಜೋತುಬಿದ್ದ ಪ್ರಾಣಿಯಂತೆ ಕಾಣುತ್ತದೆ. ಆ ಇಳಿತದಿಂದ ದೊರೆತ ಎತ್ತರದಲ್ಲಿ ಮೇಲೊಂದು ಕೆಳಗೊಂದು ಎರಡು ಅಂತಸ್ತುಗಳನ್ನು ಮಾಡಿ, ಒಳಗೆ ಇಳಿಜಾರಿನ ಹಲಗೆಗಳನ್ನೂ ಅಡ್ಡಬಾಗಿಲುಗಳನ್ನೂ ಇಟ್ಟು, ರಾಸುಗಳನ್ನು ಬೇರೆ ಬೇರೆ ಅಂಕಣಗಳಿಗೆ ಹತ್ತಿಸುತ್ತಾರೆ. ಅಲ್ಯೂಮಿನಿಯಮ್ ಗೋಡೆಗಳಲ್ಲಿ ಉದ್ದಕ್ಕೂ ಗಾಳಿಗಂಡಿಗಳು. ಚಳಿಗಾಲದಲ್ಲಿ ಅವುಗಳಲ್ಲಿ ಕೆಲವನ್ನು ಮುಚ್ಚುವುದುಂಟು. ಅಂತಸ್ಸಾಂಸ್ಥಾನಿಕ ಹೆದ್ದಾರಿಗಳಲ್ಲಿ ಗಾಡಿಯೂ ಸರಕೂ ಸೇರಿ 80,000 ಪೌಂಡು, ಎಂದರೆ ಸುಮಾರು 36 ಟನ್ನು, ಮೀರಕೂಡದು. ಗಾಡಿಯ ತೂಕವನ್ನು ಕಳೆದರೆ ರಾಸುಗಳಿಗೆ ಉಳಿಯುವುದು ಸುಮಾರು 50,000 ಪೌಂಡು. ಐನೂರೈವತ್ತು ಪೌಂಡಿನ ಕರುಗಳಾದರೆ ತೊಂಬತ್ತು, ಕೊಬ್ಬಿ ಸಿದ್ಧವಾದ ದೊಡ್ಡ ರಾಸುಗಳಾದರೆ ಮೂವತ್ತೈದರ ಆಸುಪಾಸು ಹಿಡಿಯುತ್ತವೆ. ಒಟ್ಟು ತೂಕದಂತೆಯೇ ಒಂದೊಂದು ಜೋಡಿ ಅಚ್ಚಿನ ಮೇಲೆ ಬೀಳುವ ಭಾರಕ್ಕೂ 34,000 ಪೌಂಡಿನ ಮಿತಿಯುಂಟು. ಮೂಟೆಗಳನ್ನಾದರೆ ಹಿಂದಕ್ಕೊ ಮುಂದಕ್ಕೊ ಸರಿಸಬಹುದು. ಎತ್ತರದ ಅಂತಸ್ತಿನಲ್ಲಿ ನಿಂತ ನಲವತ್ತು ಕರುಗಳನ್ನು ತೂಕದ ಕಟ್ಟೆಯ ಬಳಿ ಸರಿಸಲಾಗದು. ಆದುದರಿಂದ ಯಾವ ಅಂಕಣಕ್ಕೆ ಎಷ್ಟು, ಯಾವ ಗಾತ್ರದವು ಎಂಬ ಲೆಕ್ಕವು ಹತ್ತಿಸುವ ಮೊದಲೇ ಚಾಲಕನ ಮನಸ್ಸಿನಲ್ಲಿ ಸಿದ್ಧವಾಗಿರಬೇಕು.

ಈ ವಿಶಿಷ್ಟ ರಚನೆಯೇ ಬಾಡಿಗೆಯ ರೀತಿಯನ್ನೂ ನಿರ್ಣಯಿಸುತ್ತದೆ. ತಗ್ಗು ಉಬ್ಬುಗಳ ತಳವೂ ಸಗಣಿಯ ಲೇಪವೂ ಉಳ್ಳ ಈ ಗಾಡಿಯಲ್ಲಿ ರಾಸುಗಳನ್ನಲ್ಲದೆ ಬೇರೇನನ್ನೂ ತುಂಬಲು ಬಾರದು. ರಾಸುಗಳ ಪ್ರವಾಹವಾದರೋ ಋತುವಿಗೆ ಒಂದು ದಿಕ್ಕಿನಂತೆ ಹರಿಯುವಂಥದು: ಶರತ್ಕಾಲದಲ್ಲಿ ಬಡಗಣ ಹುಲ್ಲುಗಾವಲುಗಳಿಂದ ಫೀಡ್‌ಲಾಟ್‌ಗಳ ಕಡೆಗೆ, ವಸಂತದಲ್ಲಿ ಕ್ಯಾನ್ಸಸ್ಸಿನ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಗಳ ಎಳೆಯ ಹುಲ್ಲಿನ ಕಡೆಗೆ. ಹೋಗುವಾಗ ತುಂಬಿಕೊಂಡು ಹೋದವನು ಬರುವಾಗ ಬರಿದಾಗಿ ಬರುವುದು ಇಲ್ಲಿ ಸಾಮಾನ್ಯ ಧರ್ಮವಾದುದರಿಂದ, ಬಾಡಿಗೆಯನ್ನು ತುಂಬಿದ ಮೈಲಿಗೆ ಇಷ್ಟು ಡಾಲರೆಂದು ಲೆಕ್ಕಮಾಡಿ, ಖಾಲಿ ಮೈಲಿಯ ವೆಚ್ಚವನ್ನೂ ಅದರಲ್ಲಿಯೇ ಅಡಗಿಸುತ್ತಾರೆ. ಮಾಲೀಕನು ಕೊಡುವ ಹಣದಲ್ಲಿ ಒಂದು ಭಾಗ ಅವನ ಕರುಗಳು ಇಲ್ಲದ ದಾರಿಗೆ ಸಲ್ಲುತ್ತದೆ ಎಂಬುದು ಮೊದಲು ವಿಚಿತ್ರವಾಗಿ ತೋರಿದರೂ ನ್ಯಾಯವಾದದ್ದೇ. ಲೋಡ್ ಬೋರ್ಡಿನ ನಿಜವಾದ ಉಪಯೋಗ ಕಾಣುವುದು ಇಲ್ಲಿ: ಕ್ಯಾನ್ಸಸ್ಸಿನ ಡಾಡ್ಜ್ ಸಿಟಿಯಲ್ಲಿ ಕರುಗಳನ್ನು ಇಳಿಸಿ ಬಡಗಣಕ್ಕೆ ಮರಳಬೇಕಾದ ಚಾಲಕನಿಗೆ, ಓಕ್ಲಹೋಮದ ಅಂಚಿನಲ್ಲಿ ಅದೇ ದಿಕ್ಕಿಗೆ ಹೋಗಬೇಕಾದ ಹಿಂಡೊಂದು ಕಾದಿದೆ ಎಂಬ ಸುದ್ದಿಯು ಸಕಾಲದಲ್ಲಿ ತಲಪಿದರೆ, ಅವನಿಗೆ ಖಾಲಿ ಓಟವು ತಪ್ಪುತ್ತದೆ, ಹಿಂಡಿನವನಿಗೆ ದರವು ಇಳಿಯುತ್ತದೆ. ಆದರೆ ಅಕ್ಟೋಬರಿನ ಮಧ್ಯದಲ್ಲಿ ಎಲ್ಲರಿಗೂ ಒಂದೇ ದಿಕ್ಕಿಗೆ ಗಾಡಿಗಳು ಬೇಕಾದಾಗ, ಯಾವ ಪಟ್ಟಿಯೂ ಇಲ್ಲದ ಗಾಡಿಗಳನ್ನು ಸೃಷ್ಟಿಸಲಾರದು. ಆಗ ಹಳೆಯ ಪರಿಚಯವುಳ್ಳವನಿಗೇ ಮೊದಲ ಮನ್ನಣೆ.

ಗಡಿಯಾರದ ಕಾನೂನು

ಮೂಟೆಯು ದಾರಿಯಲ್ಲಿ ಎರಡು ದಿನ ತಡವಾದರೆ ಕೊಳ್ಳುವವನು ಮುನಿಯುತ್ತಾನೆ. ರಾಸು ತಡವಾದರೆ ಬಾಯಾರುತ್ತದೆ. ಈ ಭೇದವನ್ನು ಅಮೆರಿಕದ ಕಾನೂನು ಬಹಳ ಹಿಂದೆಯೇ ಮನಗಂಡಿತು. ರೈಲುಡಬ್ಬಿಗಳಲ್ಲಿ ದಿನಗಟ್ಟಲೆ ನೀರು ಮೇವಿಲ್ಲದೆ ರಾಸುಗಳು ಸಾಯುತ್ತಿದ್ದುದನ್ನು ಕಂಡು 1873ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, ಪ್ರಾಣಿಗಳನ್ನು ಒಂದೇ ಸಮನೆ 28 ಗಂಟೆಗಳಿಗಿಂತ ಹೆಚ್ಚು ಕಾಲ ವಾಹನದಲ್ಲಿ ಕೂಡಿಹಾಕಕೂಡದು. ಇಳಿಸಿ, ನೀರು ಮೇವುಗಳನ್ನು ಕೊಟ್ಟು, ಕನಿಷ್ಠ 5 ಗಂಟೆ ವಿಶ್ರಾಂತಿಯನ್ನು ಕೊಡತಕ್ಕದ್ದು. 1906ರಲ್ಲಿ ಇದನ್ನು ಹೊಸದಾಗಿ ಬರೆದರು. ಮಾಲೀಕನು ಲಿಖಿತವಾಗಿ ಕೇಳಿಕೊಂಡರೆ ಅವಧಿಯು 36 ಗಂಟೆಗಳವರೆಗೆ ಬೆಳೆಯಬಹುದು. ರೈಲಿಗಾಗಿ ಹುಟ್ಟಿದ ಈ ಕಟ್ಟಳೆ ಲಾರಿಗೂ ಅನ್ವಯಿಸುತ್ತದೆಂದು ಕೃಷಿ ಇಲಾಖೆಯು ಬಹಿರಂಗವಾಗಿ ಒಪ್ಪಿದ್ದು 2006ರಲ್ಲಿ, ಎಂದರೆ ರಾಸುಗಳು ರೈಲನ್ನು ತೊರೆದು ದಶಕಗಳೇ ಕಳೆದ ಮೇಲೆ. ತಪ್ಪಿದವರಿಗೆ ಕಾಯಿದೆಯ ಪಾಠದಲ್ಲಿ ಬರೆದಿರುವ ದಂಡವು ಪ್ರಕರಣವೊಂದಕ್ಕೆ 100ರಿಂದ 500 ಡಾಲರ್ ಮಾತ್ರ.

ಇದರ ಮಗ್ಗುಲಲ್ಲಿಯೇ ಮತ್ತೊಂದು ಗಡಿಯಾರ ಓಡುತ್ತಿರುತ್ತದೆ; ಅದು ಚಾಲಕನದು. ದಣಿದ ಚಾಲಕನಿಂದ ಅಪಘಾತವಾಗದಿರಲೆಂದು, 10 ಗಂಟೆಗಳ ವಿರಾಮದ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆಗಳಿಗಿಂತ ಹೆಚ್ಚು ಗಾಡಿ ನಡೆಸಬಾರದೆಂದು ನಿಯಮವಿದೆ. 2017ರ ಡಿಸೆಂಬರಿನಿಂದ ಈ ಗಂಟೆಗಳನ್ನು ಕಾಗದದ ಪುಸ್ತಕದ ಬದಲು ಎಂಜಿನ್ನಿಗೆ ಜೋಡಿಸಿದ ವಿದ್ಯುನ್ಮಾನ ಉಪಕರಣವೇ ದಾಖಲಿಸಬೇಕೆಂಬ ಆಜ್ಞೆ ಬಂದಾಗ, ರಾಸುಗಾಡಿಗಳವರು ಗಟ್ಟಿಯಾಗಿ ಪ್ರತಿಭಟಿಸಿದರು. ಅವರಿಗೆ ವಿನಾಯಿತಿಯೂ ದೊರೆಯಿತು. ಅವರ ವಾದದಲ್ಲಿ ತಿರುಳಿಲ್ಲದಿರಲಿಲ್ಲ. ಬೇಸಗೆಯ ಮಧ್ಯಾಹ್ನ ತುಂಬಿದ ರಾಸುಗಾಡಿಯನ್ನು ನಿಲ್ಲಿಸಿದೊಡನೆ ಗಂಡಿಗಳಲ್ಲಿ ಗಾಳಿಯ ಓಟವು ನಿಂತು, ತೊಂಬತ್ತು ಒಡಲುಗಳ ಶಾಖವೂ ಉಸಿರಿನ ತೇವವೂ ಒಳಗೇ ತುಂಬಿಕೊಂಡು, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಾಪಾಯ ಒದಗುತ್ತದೆ. ಚಾಲಕನು ಮಲಗಿ ನಿದ್ರಿಸುವ ಹತ್ತು ಗಂಟೆ ರಾಸುಗಳ ಪಾಲಿಗೆ ನರಕವಾಗಬಲ್ಲದು. ಈ ಎರಡು ಹಿತಗಳ ತಿಕ್ಕಾಟಕ್ಕೆ ಪರಿಹಾರವಾಗಿ, ಹೊರಡುವ ಸ್ಥಳದ ಸುತ್ತ 150 ವಾಯುಮೈಲಿಗಳೊಳಗಿನ (ಸುಮಾರು 278 ಕಿಲೋಮೀಟರ್) ಚಾಲನೆಯನ್ನು ಗಂಟೆಗಳ ಲೆಕ್ಕಕ್ಕೆ ಹಿಡಿಯದಿರುವ ರಿಯಾಯಿತಿಯಿತ್ತು. 2021ರ ಮೂಲಸೌಕರ್ಯ ಕಾಯಿದೆಯು ಜಾನುವಾರುಗಳ ಮಟ್ಟಿಗೆ ಅದನ್ನು ತಲಪುವ ಸ್ಥಳದ ಸುತ್ತಲಿನ ಅಷ್ಟೇ ದೂರಕ್ಕೂ ವಿಸ್ತರಿಸಿತು. ಪಟ್ಟಿಯಲ್ಲಿ ಬರಿಯ ಸಾವಿರ ಮೈಲಿ ಎಂದು ಕಾಣುವ ಸಾಲನ್ನು ಬಲ್ಲ ಚಾಲಕನು ಓದುವುದು ಹೀಗೆ: ಇದರಲ್ಲಿ ಎಷ್ಟು ಮೈಲಿ ಲೆಕ್ಕಕ್ಕೆ ಬರುತ್ತದೆ, ಒಬ್ಬನಿಂದ ಸಾಗುವುದೆ, ಇಬ್ಬರು ಚಾಲಕರು ಬೇಕೆ, ನಡುದಾರಿಯಲ್ಲಿ ಇಳಿಸಿ ನೀರು ಕುಡಿಸುವ ದೊಡ್ಡಿ ಯಾವ ಊರಿನಲ್ಲಿದೆ?

ಇಲ್ಲಿ ನಮ್ಮ ದೇಶದ ಕಾನೂನನ್ನು ಪಕ್ಕಕ್ಕಿಟ್ಟು ನೋಡುವುದು ಉಚಿತ. ಭಾರತದ 1978ರ ಪ್ರಾಣಿ ಸಾಗಣೆ ನಿಯಮಗಳು ಲಾರಿಯೊಂದರಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯಬಾರದೆನ್ನುತ್ತವೆ. ಪಯಣಕ್ಕೆ ಪ್ರಾಣಿಯು ಯೋಗ್ಯವಾಗಿದೆಯೆಂಬ ಪಶುವೈದ್ಯರ ಪ್ರಮಾಣಪತ್ರವನ್ನೂ ಕೇಳುತ್ತವೆ. 2016ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮವು ಹಸು ಎಮ್ಮೆಗಳಿಗೆ ತಲೆಗೆ 2 ಚದರ ಮೀಟರು ಜಾಗವನ್ನು ಗೊತ್ತುಮಾಡಿದೆ. ಅಮೆರಿಕದ ಕೇಂದ್ರ ಕಾನೂನು ಲಾರಿಯಲ್ಲಿ ರಾಸೊಂದಕ್ಕೆ ಇಷ್ಟೇ ಜಾಗವೆಂದು ವಿಧಿಸಿಲ್ಲ. ಅಲ್ಲಿಯ ಶಾಸನವು ಕಾಲವನ್ನು ಅಳೆಯುತ್ತದೆ, ನಮ್ಮದು ಮುಖ್ಯವಾಗಿ ಸಂಖ್ಯೆಯನ್ನೂ ಸ್ಥಳವನ್ನೂ ಅಳೆಯುತ್ತದೆ. ಲಾರಿಗೂ ಸರಕಿಗೂ ಅಂತರ್ಜಾಲದಲ್ಲಿ ಗಂಟುಹಾಕುವ ಬ್ಲ್ಯಾಕ್‌ಬಕ್‌ನಂಥ ಉದ್ಯಮವು 2015ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದೆ. ಅಂಥ ವ್ಯವಸ್ಥೆ ಎಂದಾದರೂ ಜೀವಂತ ಹೊರೆಗೆ ಕೈಹಾಕುವುದಾದರೆ, ತೂಕ ದೂರಗಳೆಂಬ ಎರಡೇ ಅಂಕಣಗಳು ಅದಕ್ಕೆ ಸಾಲವು ಎಂಬುದನ್ನು ಈ ಕಾನೂನುಗಳೇ ಸಾರುತ್ತವೆ.

ಪಟ್ಟಿಯಲ್ಲಿ ಕಾಣದ ವಿಷಯಗಳು

ಅಪರಿಚಿತರ ವ್ಯವಹಾರದಲ್ಲಿ ವಂಚನೆಗೆ ಎಡೆಯಿರುವುದು ಸಹಜ. ಲೋಡ್ ಬೋರ್ಡುಗಳ ಲೋಕದಲ್ಲಿ ಬಹಳವಾಗಿ ಕೇಳಿಬರುವ ಮೋಸವೆಂದರೆ, ಸರಕನ್ನು ತಾನೇ ಸಾಗಿಸುವೆನೆಂದು ಒಪ್ಪಿಕೊಂಡವನು ಅದನ್ನು ಗುಟ್ಟಾಗಿ ಕಡಿಮೆ ದರಕ್ಕೆ ಮತ್ತೊಬ್ಬನಿಗೆ ದಾಟಿಸಿ, ಮಾಲೀಕನಿಂದ ಹಣ ಪಡೆದು, ನಿಜವಾಗಿ ಸಾಗಿಸಿದವನಿಗೆ ಕೊಡದೆ ಮಾಯವಾಗುವುದು. ಸಾಮಾನ್ಯ ಸರಕಿನ ದಲ್ಲಾಳಿಯು ಸರ್ಕಾರದಲ್ಲಿ ನೋಂದಾಯಿಸಿಕೊಂಡು 75,000 ಡಾಲರಿನ ಜಾಮೀನನ್ನು ಇಡಬೇಕೆಂಬ ಕಟ್ಟಳೆ 2013ರಿಂದ ಜಾರಿಯಲ್ಲಿದೆ. 1935ರಲ್ಲಿ ರೈತರಿಗೆ ಅನುಕೂಲವಾಗಲೆಂದು ಕೊಟ್ಟ ವಿನಾಯಿತಿಯ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ: ಜಾನುವಾರುಗಳನ್ನು ಮಾತ್ರ ಗೊತ್ತುಮಾಡಿಕೊಡುವ ದಲ್ಲಾಳಿಗೆ ಆ ನೋಂದಣಿ ಕಡ್ಡಾಯವಲ್ಲ, ಆದಕಾರಣ ಆ ಜಾಮೀನಿನ ಆಸರೆಯೂ ನಿಶ್ಚಿತವಲ್ಲ. ಹತೋಟಿಯಿಂದ ಬಿಡುಗಡೆ ಪಡೆದವನು ರಕ್ಷಣೆಯಿಂದಲೂ ಅಷ್ಟುಮಟ್ಟಿಗೆ ಬಿಡುಗಡೆ ಪಡೆದಂತಾಯಿತು. ಎಚ್ಚರವುಳ್ಳ ಮಾಲೀಕನು ಸಾಗಿಸುವವನ ಸಾರಿಗೆ ಇಲಾಖೆಯ ಸಂಖ್ಯೆಯನ್ನು ಕೇಳಿ ಪಡೆದು, ಸರ್ಕಾರದ ಸಾರ್ವಜನಿಕ ದಾಖಲೆಯಲ್ಲಿ ಅವನ ಹೆಸರು, ತಪಾಸಣೆ, ಅಪಘಾತಗಳ ವಿವರವನ್ನು ನೋಡಿಕೊಳ್ಳುತ್ತಾನೆ. ಅವನ ವಿಮೆಯಲ್ಲಿ ಜೀವಂತ ಪ್ರಾಣಿಗಳ ಸಾವು ನೋವುಗಳು ಸೇರಿವೆಯೆ ಎಂಬುದನ್ನು ಬರಹದಲ್ಲಿ ಕೇಳುತ್ತಾನೆ.

ಗಾಡಿ ಕೊನೆಯದಾಗಿ ಏನನ್ನು ಹೊತ್ತಿತ್ತು, ಅನಂತರ ಅದನ್ನು ತೊಳೆದರೆ ಇಲ್ಲವೆ ಎಂಬುದು ಪಟ್ಟಿಯ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. 2013ರಲ್ಲಿ ಅಮೆರಿಕದ ಹಂದಿಗಳಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು ಲಕ್ಷಗಟ್ಟಲೆ ಮರಿಗಳನ್ನು ಬಲಿತೆಗೆದುಕೊಂಡ ಭೇದಿಯ ವೈರಾಣು, ಕಾರ್ಖಾನೆಯ ಅಂಗಳದಲ್ಲಿ ಮಲಿನವಾಗಿ ತೊಳೆಯದೆ ಮರಳಿದ ಟ್ರೇಲರುಗಳ ಮೂಲಕವೂ ಹರಡುತ್ತಿತ್ತೆಂದು ಕಂಡುಬಂದ ಮೇಲೆ, ಖಾಲಿ ಗಾಡಿಯೂ ನಿಜವಾಗಿ ಖಾಲಿಯಲ್ಲವೆಂಬ ಅರಿವು ಹಂದಿ ಸಾಕುವವರಲ್ಲಿ ಬಲವಾಯಿತು. 2024ರ ಮಾರ್ಚಿನಲ್ಲಿ ಹಾಲಿನ ಹಸುಗಳಲ್ಲಿ ಹಕ್ಕಿಜ್ವರ ಕಾಣಿಸಿದಾಗ, ಕರೆಯುವ ಹಸುಗಳನ್ನು ಸಂಸ್ಥಾನದ ಗಡಿ ದಾಟಿಸುವ ಮೊದಲು ಪರೀಕ್ಷಿಸಬೇಕೆಂಬ ಕೇಂದ್ರಾಜ್ಞೆಯು ಮರುತಿಂಗಳೇ ಹೊರಟಿತು. ಇವಲ್ಲದೆ ಗಡಿ ದಾಟುವ ರಾಸುಗಳಿಗೆ ಸಾಮಾನ್ಯವಾಗಿ ಪಶುವೈದ್ಯರ ತಪಾಸಣಾಪತ್ರ ಬೇಕು; ಪಡುವಣ ಸಂಸ್ಥಾನಗಳಲ್ಲಿ ಚರ್ಮದ ಮೇಲೆ ಕಾಸಿದ ಮುದ್ರೆಯನ್ನು ನೋಡಿ ಒಡೆತನವನ್ನು ದೃಢಪಡಿಸುವ ಅಧಿಕಾರಿಯ ಚೀಟಿ ಬೇಕು. ಈ ಕಾಗದಗಳು ಮಾಲೀಕನ ಕೈಯಲ್ಲಿ ಸಿದ್ಧವಾಗಿಲ್ಲದ ದಿನ, ಬಾಡಿಗೆಗೆ ಗೊತ್ತಾದ ಗಾಡಿಯು ದೊಡ್ಡಿಯ ಬಾಗಿಲಲ್ಲಿ ಸುಮ್ಮನೆ ನಿಂತಿರಬೇಕಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದದ್ದು ಚಾಲಕನ ಕೈಗುಣ. ರಾಸುಗಳ ದೃಷ್ಟಿಯಿಂದ ದೊಡ್ಡಿಗಳನ್ನೂ ಹತ್ತಿಸುವ ಓಣಿಗಳನ್ನೂ ನೋಡಿ ತಿದ್ದಿದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾನಿಲಯದ ಟೆಂಪಲ್ ಗ್ರ್ಯಾಂಡಿನ್ ಅವರು ದಶಕಗಳಿಂದ ಬೋಧಿಸುತ್ತ ಬಂದಿರುವ ತತ್ತ್ವ ಸರಳವಾದದ್ದು: ಕೂಗಾಟ, ಜಾರುವ ನೆಲ, ಕಣ್ಣಿಗೆ ಹೊಡೆಯುವ ಬೆಳಕು, ತೂಗಾಡುವ ಸರಪಣಿ ಇವುಗಳಿಗೆ ರಾಸು ಬೆದರುತ್ತದೆ, ಬೆದರಿದ ರಾಸು ಹಿಂದಕ್ಕೆ ತಿರುಗುತ್ತದೆ, ಬೆದರದ ರಾಸು ತಾನಾಗಿ ನಡೆಯುತ್ತದೆ. 'ಬುಲ್ ಹಾಲರ್' ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ಅಲ್ಲಿಯ ಅನುಭವಿ ಚಾಲಕರು ವಿದ್ಯುತ್ ಕೋಲನ್ನು ಮುಟ್ಟದೆ ಹಿಂಡನ್ನು ಹತ್ತಿಸಬಲ್ಲವರು; ತಿರುವಿನಲ್ಲಿ, ನಿಲುಗಡೆಯಲ್ಲಿ ನಿಂತ ರಾಸುಗಳ ಕಾಲು ತಪ್ಪದಂತೆ ಗಾಡಿ ನಡೆಸಬಲ್ಲವರು. ಈ ವಿದ್ಯೆಗೆ ತರಬೇತಿಯೂ ಪ್ರಮಾಣಪತ್ರವೂ ಈಗ ಏರ್ಪಟ್ಟಿವೆ. ದೊಡ್ಡ ಮಾಂಸೋದ್ಯಮ ಸಂಸ್ಥೆಗಳು ತಮ್ಮಲ್ಲಿಗೆ ರಾಸು ತರುವ ಚಾಲಕರಲ್ಲಿ ಅದು ಇರಬೇಕೆಂದು 2020ರಿಂದ ಕೇಳುತ್ತಿವೆ.

ಅಗ್ಗದ ಬಾಡಿಗೆಯ ಲೆಕ್ಕ

ಈ ಗುಣಕ್ಕೆ ಬೆಲೆಯುಂಟೆ ಎಂದು ಕೇಳುವವರು ತೂಕದ ಲೆಕ್ಕವನ್ನು ನೋಡಬೇಕು. ಪಯಣದಲ್ಲಿ ರಾಸು ತೂಕವನ್ನು ಕಳೆದುಕೊಳ್ಳುತ್ತದೆ; ಮೊದಲು ಹೊಟ್ಟೆಯ ಮೇವು ನೀರು, ದಾರಿ ದೀರ್ಘವಾದರೆ ಮೈಯ ಸತ್ತ್ವವೇ ಇಳಿಯುತ್ತದೆ. ವ್ಯಾಪಾರದವರು ಇದನ್ನು ಬಲ್ಲವರಾದುದರಿಂದ ನೂರಕ್ಕೆ ಎರಡರಿಂದ ನಾಲ್ಕರವರೆಗಿನ ಇಳಿತವನ್ನು ಮೊದಲೇ ಒಪ್ಪಂದದಲ್ಲಿ ಕಳೆಯುವ ವಾಡಿಕೆಯುಂಟು. ಆ ವಾಡಿಕೆಯ ಮೇಲೆ, ಒರಟು ಚಾಲನೆಯಿಂದಲೋ ಬಿಸಿಲಲ್ಲಿ ನಿಲ್ಲಿಸಿದ್ದರಿಂದಲೋ, ನೂರಕ್ಕೆ ಒಂದು ಮಾತ್ರ ಹೆಚ್ಚಾಗಿ ಇಳಿಯಿತೆನ್ನಿ. ತೊಂಬತ್ತು ಕರುಗಳ ತೂಕ 49,500 ಪೌಂಡು. ಅದರಲ್ಲಿ ನೂರಕ್ಕೊಂದೆಂದರೆ 495 ಪೌಂಡು. ಪೌಂಡಿಗೆ 3 ಡಾಲರೆಂದು ಇಟ್ಟುಕೊಂಡರೆ ನಷ್ಟ 1,485 ಡಾಲರ್. ಪಟ್ಟಿಯಲ್ಲಿ ಎಲ್ಲರಿಗಿಂತ ಅಗ್ಗವೆಂದು ಕಂಡವನನ್ನು ಆರಿಸಿ ಮೈಲಿಗೆ ಅರ್ಧ ಡಾಲರ್ ಉಳಿಸಿದ ಮಾಲೀಕನು ಆರುನೂರು ಮೈಲಿಯ ದಾರಿಯಲ್ಲಿ ಉಳಿಸಿದ್ದು 300 ಡಾಲರ್. ದಾರಿಯಲ್ಲಿ ಸಂಕಟಪಟ್ಟು ತಲಪಿದ ಕರುಗಳಲ್ಲಿ ಕೆಲವು ಫೀಡ್‌ಲಾಟಿನಲ್ಲಿ ಶ್ವಾಸಕೋಶದ ಬೇನೆ ಬಿದ್ದರೆ ಔಷಧದ ವೆಚ್ಚ ಬೇರೆ. ಆ ಬೇನೆಗೆ ಪಯಣದ ಆಯಾಸವೂ ಒಂದು ಕಾರಣವೆಂದೇ ಅಲ್ಲಿಯ ಜನ ಅದನ್ನು 'ಶಿಪ್ಪಿಂಗ್ ಫೀವರ್' ಎನ್ನುತ್ತಾರೆ. ತೂಗುವುದು ಹೊರಡುವ ಕಡೆಯೋ ತಲಪುವ ಕಡೆಯೋ ಎಂಬುದರ ಮೇಲೆ ಈ ನಷ್ಟವು ಮಾರಿದವನ ತಲೆಗೋ ಕೊಂಡವನ ತಲೆಗೋ ಬೀಳುತ್ತದೆ. ಯಾರ ತಲೆಗೂ ಬೀಳದೆ ಹೋಗುವುದು ಮಾತ್ರ ಇಲ್ಲ.

ಆದುದರಿಂದ ಲೋಡ್ ಬೋರ್ಡನ್ನು ಹಳಿಯುವುದೂ ತಕ್ಕದ್ದಲ್ಲ, ಅದನ್ನೇ ನಂಬಿ ಕೂರುವುದೂ ತಕ್ಕದ್ದಲ್ಲ. ದೂರದ ಊರಿನಲ್ಲಿ ಬರಿದಾಗಿ ನಿಂತ ಗಾಡಿಯ ಸುದ್ದಿಯನ್ನು ಕ್ಷಣಮಾತ್ರದಲ್ಲಿ ತರುವ ವಿಷಯದಲ್ಲಿ ಅದಕ್ಕೆ ಸಮನಾದ ಸಾಧನ ಹಿಂದೆ ಇರಲಿಲ್ಲ; ಹೊಸದಾಗಿ ಹಿಂಡು ಕಟ್ಟಿದವನಿಗೆ, ಪರಿಚಯದ ಚಾಲಕರಿಲ್ಲದ ಪ್ರದೇಶಕ್ಕೆ ರಾಸು ಮಾರಿದವನಿಗೆ ಅದು ದೊಡ್ಡ ಉಪಕಾರ. ಆದರೆ ಬಾಡಿಗೆಯ ಅಂಕಣವೊಂದನ್ನೇ ಏರಿಕೆಯ ಕ್ರಮದಲ್ಲಿ ಜೋಡಿಸಿ ನೋಡುವುದಕ್ಕೆ ಆ ಪಟ್ಟಿಯು ಓದುಗನನ್ನು ಅಭ್ಯಾಸ ಮಾಡಿಸುತ್ತದೆ. ಜೀವಂತ ಹೊರೆಯ ವಿಷಯದಲ್ಲಿ ಆ ಅಭ್ಯಾಸವೇ ಅಪಾಯದ ಮೂಲ. ಪಟ್ಟಿಯಲ್ಲಿ ಮೂರು ನಾಲ್ಕು ಹೆಸರುಗಳನ್ನು ಆರಿಸಿಕೊಂಡ ಮೇಲೆ, ಒಬ್ಬೊಬ್ಬರಿಗೂ ದೂರವಾಣಿ ಮಾಡಿ, ಕಳೆದ ವಾರ ಏನನ್ನು ಸಾಗಿಸಿದೆ, ಗಾಡಿಯನ್ನು ಎಲ್ಲಿ ತೊಳೆದೆ, ನನ್ನ ಕರುಗಳನ್ನು ಯಾವ ಅಂಕಣಗಳಲ್ಲಿ ಹೇಗೆ ಹಂಚುವೆ, ದಾರಿಯಲ್ಲಿ ಗಾಡಿ ಕೆಟ್ಟರೆ ಯಾರನ್ನು ಕರೆಯುವೆ ಎಂದು ಕೇಳಿದರೆ, ಉತ್ತರ ಹೇಳುವ ರೀತಿಯಲ್ಲಿಯೇ ಬಲ್ಲವನು ಯಾರೆಂಬುದು ತಿಳಿಯುತ್ತದೆ. ಅಂಥವನೊಬ್ಬನು ದೊರೆತ ಮಾಲೀಕನು ಮುಂದಿನ ವರ್ಷದ ಅಕ್ಟೋಬರಿನಲ್ಲಿ ಪಟ್ಟಿಯನ್ನು ತೆರೆಯುವ ಗೋಜಿಗೆ ಹೋಗದೆ ನೇರವಾಗಿ ಅವನನ್ನೇ ಕರೆಯುತ್ತಾನೆ. ಗಿರಾಕಿಯನ್ನು ಕಳೆದುಕೊಳ್ಳುವುದರಿಂದ ಪಟ್ಟಿಯನ್ನು ನಡೆಸುವವರಿಗೆ ನಷ್ಟವಾದೀತು, ನಿಜ. ರಾಸುಗಳ ವ್ಯಾಪಾರದಲ್ಲಿ ಮಾತ್ರ ಆ ಪಟ್ಟಿಯು ತನ್ನ ಕೆಲಸವನ್ನು ಚೆನ್ನಾಗಿ ಮಾಡಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.